ಕೇಪಳಕ್ಕೆ ನೀರು ಹಾಕಿದವರು ಯಾರು?

250 ರೂಪಾಯಿ ಕೊಟ್ಟು ಕೇಪಳದ ಗಿಡ ತಂದೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಕೇಪಳಕ್ಕೆ ದುಡ್ಡು ಕೊಟ್ಟೆಯಾ?" ಎಂದರು. ನೆಂಟರ ಮನೆಯಲ್ಲಿ ಉಂಡು ಬಿಲ್ ಕೊಟ್ಟು ಬಂದವಳನ್ನು ಕೇಳುವ ಧಾಟಿ ಅದು.

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಪುತ್ತೂರಿನ ಕಡೆಯ ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಕೇಪಳವನ್ನು ಯಾರೂ ನೆಟ್ಟಿರಲಿಲ್ಲ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಸಂದಿನಲ್ಲಿ, ಗೇರುಮರದ ಬುಡದಲ್ಲಿ, ಅಗಳಿನ ಬದಿಯಲ್ಲಿ ಅದರ ಪಾಡಿಗೆ ಅದು ಸೊಂಟದೆತ್ತರಕ್ಕೆ ಬೆಳೆದುಕೊಂಡಿತ್ತು. ಸೊಪ್ಪಿನ ಕತ್ತಿಗೆ ಸಿಕ್ಕಿ ಬೋಳಾಗುತ್ತಿತ್ತು, ಮಳೆ ಬಿದ್ದರೆ ಚಿಗುರುತ್ತಿತ್ತು. ಫೆಬ್ರುವರಿ ಕಳೆದು ಬಿಸಿಲು ಚುರುಗುಟ್ಟತೊಡಗಿ, ಹುಲ್ಲೆಲ್ಲ ಒಣಗಿ ನೆಲ ಕಂದುಬಣ್ಣಕ್ಕೆ ತಿರುಗಿದಾಗ ಗುಡ್ಡೆಯಲ್ಲಿ ಅಲ್ಲಲ್ಲಿ ಕೆಂಪು ಗೊಂಚಲು. ನಾವು ಅದನ್ನು ಗಿಡವೆಂದು ಲೆಕ್ಕಕ್ಕೇ ಇಟ್ಟವರಲ್ಲ. ಅಂಗಳದಲ್ಲಿದ್ದ ಗುಲಾಬಿ ಗಿಡ, ಕೇಪಳ ಬರೀ ಕೇಪಳ.

ಹೂವಿಗಿಂತ ಹೆಚ್ಚಾಗಿ ಅದು ನಮಗೆ ತಿಂಡಿ. ಶಾಲೆಯಿಂದ ಗುಡ್ಡೆಯ ದಾರಿಯಲ್ಲಿ ಬರುವಾಗ ಗೊಂಚಲಿನಿಂದ ಅರಳಿದ ಹೂ ಒಂದನ್ನು ಕೀಳುವುದು. ಕೇಪಳದ ಹೂ ಎಂದರೆ ನಾಲ್ಕು ಚೂಪು ಎಸಳುಗಳ ಕೆಳಗೆ ಒಂದಿಂಚಿಗೂ ಮೀರಿದ, ದಾರದಷ್ಟು ಸಣ್ಣ ಕೊಳವೆ. ಕೊಳವೆಯ ಬುಡವನ್ನು ಉಗುರಿನಿಂದ ಚಿವುಟಿ, ಒಳಗಿನ ಎಳೆಯನ್ನು ಹಿಂದಿನಿಂದ ಮೆಲ್ಲಗೆ ಎಳೆದರೆ ಅದರ ಜೊತೆಗೆ ಸಾಸಿವೆಗಿಂತ ಚಿಕ್ಕದೊಂದು ಹನಿ ಜಾರಿ ಬರುತ್ತದೆ. ಅವಸರ ಮಾಡಿದರೆ ಎಳೆ ತುಂಡಾಗಿ ಹನಿ ಒಳಗೇ ಉಳಿಯುತ್ತದೆ. ಒಂದು ಹೂವಿನ ಜೇನು ನಾಲಿಗೆಗೆ ತಾಗಿದ್ದೇ ಗೊತ್ತಾಗುವುದಿಲ್ಲವಾದ್ದರಿಂದ ನಾಲ್ಕೈದು ಗೊಂಚಲು ಬರಿದಾಗುವವರೆಗೂ ಅಲ್ಲಿಂದ ಕಾಲು ಕೀಳುತ್ತಿರಲಿಲ್ಲ. ಹೂ ಮುಗಿದ ಮೇಲೆ ಹಣ್ಣು: ಬಟಾಣಿಯಷ್ಟು ಗಾತ್ರ, ಮೊದಲು ಕೆಂಪು, ಪೂರ್ತಿ ಕಳಿತಾಗ ಕಪ್ಪು. ಕೆಂಪಿದ್ದಾಗ ತಿಂದರೆ ಬಾಯಿ ಒಗರು. ಕಪ್ಪಾಗುವವರೆಗೆ ಕಾಯೋಣವೆಂದರೆ ಪಿಕಳಾರ ಹಕ್ಕಿಗಳು ಕಾಯಲು ಬಿಡುವುದಿಲ್ಲ. ಹೊಟ್ಟೆ ಕೆಟ್ಟ ದಿನ ಅಮ್ಮ ಅದೇ ಗಿಡದ ಎಳೆ ಕುಡಿಯನ್ನು ಚಿವುಟಿ ತಂದು, ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಿದ್ದರು.

ಈ ಗಿಡಕ್ಕೆ ಹೆಸರುಗಳ ಬಡತನವಿಲ್ಲ. ತುಳುವಿನಲ್ಲಿ ಕೇಪುಳ, ಉತ್ತರ ಕನ್ನಡದ ಕಡೆ ಗುಡ್ಡೆ ದಾಸವಾಳ, ಕುಂದಾಪುರದ ಕಡೆ ಕಿಸ್ಕಾರ. ನನಗೆ ಹೆಚ್ಚು ಇಷ್ಟವಾದ ಹೆಸರು ಈ ಕೊನೆಯದು. ಹಳಗನ್ನಡದಲ್ಲಿ 'ಕಿಸು' ಎಂದರೆ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಅಂದರೆ ಕೆಂಪು ಊರು. ಆ ಮಾತು ನಮ್ಮ ದಿನಬಳಕೆಯಿಂದ ಮರೆಯಾಗಿ ಎಷ್ಟೋ ಕಾಲವಾಯಿತು. ಹಾಡಿಯ ಒಂದು ಪೊದೆಯಲ್ಲಿ ಇನ್ನೂ ಉಳಿದಿದೆ ಎಂದು ನಂಬಲು ನನಗೆ ಖುಷಿ. ಮಲಯಾಳದಲ್ಲಿ ಇದು ತೆಚ್ಚಿ ಅಥವಾ ಚೆತ್ತಿ, ತಮಿಳಿನಲ್ಲಿ ವೆಟ್ಚಿ. ಸಂಗಂ ಕಾಲದ ತಮಿಳು ಕಾವ್ಯದಲ್ಲಿ ಶತ್ರುವಿನ ದನ ಹೊಡೆದುಕೊಂಡು ಬರಲು ಹೊರಟ ವೀರರು ಮುಡಿಯುವುದು ಇದೇ ಹೂವನ್ನು. ದನ ಹಿಡಿಯುವ ಆ ಕದನಕ್ಕೇ ವೆಟ್ಚಿ ಎಂಬ ಹೆಸರು. ತುರುಗೊಳ್ ಎಂದು ನಮ್ಮ ವೀರಗಲ್ಲುಗಳು ಹೇಳುವ ಕದನವೂ ಅದೇ. ಇನ್ನು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ, ಮಲಬಾರಿನ ಗಿಡಗಳ ಗ್ರಂಥವಾದ 'ಹಾರ್ಟಸ್ ಮಲಬಾರಿಕಸ್'ನಲ್ಲಿ ಚೆತ್ತಿಯನ್ನು ಡಚ್ಚರು Schetti ಎಂದು ಬರೆದುಕೊಂಡದ್ದನ್ನು ನಮ್ಮೂರಿನವರು ಓದಿದರೆ ಯಾವುದೋ ಶೆಟ್ಟರ ವಿಷಯ ಎಂದುಕೊಂಡಾರು. 1753ರಲ್ಲಿ ಲಿನೇಯಸ್ ಇದನ್ನು ಇಕ್ಸೋರಾ ಕಾಕ್ಸಿನಿಯಾ ಎಂದು ಕರೆದ. ಇಕ್ಸೋರಾ ಎಂದರೆ ಪೋರ್ಚುಗೀಸರ ಬಾಯಲ್ಲಿ ಹೊರಳಿದ ನಮ್ಮ ಈಶ್ವರನೇ. ಕಾಕ್ಸಿನಿಯಾ ಎಂದರೆ ಕಡುಗೆಂಪು.

ಬೆಂಗಳೂರಿನ ಹೊರವಲಯದ ನರ್ಸರಿಯಲ್ಲಿ ನಾನು ಕೇಪಳ ಎಂದಾಗ ಹುಡುಗನಿಗೆ ಅರ್ಥವಾಗಲಿಲ್ಲ. ಇಕ್ಸೋರಾ ಎಂದೆ. ಸಾಲಾಗಿ ಇಟ್ಟಿದ್ದ, ಮೊಣಕಾಲೆತ್ತರದ, ಒಂದೇ ಅಚ್ಚಿನಲ್ಲಿ ತೆಗೆದಂತಿದ್ದ ಪೊದೆಗಳನ್ನು ತೋರಿಸಿದ. ಹಳದಿ, ಗುಲಾಬಿ, ಕಿತ್ತಳೆ, ಕೆಂಪು. ಕೆಂಪನ್ನೇ ಆರಿಸಿ ತಂದೆ. ಮನೆಗೆ ಬಂದು ಹೂ ಕಿತ್ತು ಎಳೆ ಎಳೆದೆ, ಹನಿ ಬರಲಿಲ್ಲ. ಎಸಳಿನ ತುದಿ ನೋಡಿದೆ, ಗುಂಡಗಿತ್ತು. ಚೀನಾ ಕಡೆಯಿಂದ ಬಂದ ಇಕ್ಸೋರಾಗಳಿಗೆ ಎಸಳಿನ ತುದಿ ಗುಂಡು, ನಮ್ಮದಕ್ಕೆ ಚೂಪು. ನಮ್ಮ ಕೇಪಳದ ಎಲೆಗೆ ತೊಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಎಲೆಯ ಬುಡ ಹೃದಯದ ಹಾಗೆ ದುಂಡಾಗಿ ಕಾಂಡವನ್ನು ತಬ್ಬಿಕೊಂಡಂತೆ ಕೂತಿರುತ್ತದೆ. ತಂದ ಗಿಡವೇನೂ ಕೆಟ್ಟದ್ದಲ್ಲ, ಈಗಲೂ ಗೇಟಿನ ಪಕ್ಕದಲ್ಲಿ ವರ್ಷವಿಡೀ ಹೂ ಬಿಡುತ್ತದೆ. ಆದರೆ ನಾನು ಹೋಗಿದ್ದು ಚಿಕ್ಕಮ್ಮನನ್ನು ಕರೆತರಲು. ಅದೇ ಸೀರೆ ಉಟ್ಟ ಬೇರೆ ಯಾರನ್ನೋ ಕರೆದುಕೊಂಡು ಬಂದಿದ್ದೆ.

ಮುಂದಿನ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಗುಡ್ಡೆಯಿಂದಲೇ ಒಂದು ಗಿಡ ಕಿತ್ತೆ. ಕಿತ್ತೆ ಎನ್ನುವುದಕ್ಕಿಂತ ಕೊಂದೆ ಎನ್ನಬೇಕು. ಮೇಲೆ ಒಂದೂವರೆ ಅಡಿ ಇದ್ದ ಗಿಡದ ಬೇರು ಮುರಕಲ್ಲಿನ ಸೀಳಿನೊಳಗೆ ಎಲ್ಲಿಯವರೆಗೆ ಇಳಿದಿತ್ತೋ, ಪಿಕಾಸಿಗೆ ಸಿಗಲಿಲ್ಲ. ತುಂಡಾದದ್ದನ್ನೇ ಒದ್ದೆ ಗೋಣಿಯಲ್ಲಿ ಸುತ್ತಿ, ಅಡಿಕೆ ಹಾಳೆಯಲ್ಲಿ ಕಟ್ಟಿ, ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಹತ್ತು ದಿನಕ್ಕೆ ಕಡ್ಡಿಯಾಯಿತು. ಬೇಸಿಗೆಯಲ್ಲಿ, ಹೂ ಬಿಟ್ಟ ಗಿಡವನ್ನು, ಬೇರು ಕಡಿದು ತರಬಾರದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಸೆಗೆ ಅಷ್ಟು ಬುದ್ಧಿ ಇರಲಿಲ್ಲ.

ಮಳೆಗಾಲದಲ್ಲಿ ಕಡ್ಡಿ ತಂದೆ. ಇದು ಸರಿಯಾದ ದಾರಿ. ಹೂ ಬಿಡದ, ಪೆನ್ಸಿಲ್ ದಪ್ಪದ, ತೀರಾ ಎಳತೂ ಅಲ್ಲದ ತೀರಾ ಬಲಿತೂ ಇಲ್ಲದ ಕೊಂಬೆಯಿಂದ ನಾಲ್ಕೈದು ಇಂಚಿನ ತುಂಡುಗಳು. ಕೆಳಗಿನ ಎಲೆ ತೆಗೆದು, ಮೇಲೆ ಉಳಿದ ಒಂದೆರಡು ಜೊತೆ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿದ್ದರಲ್ಲಿ ಊರಿದೆ. ಮೇಲೆ ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಕವುಚಿ ನೆರಳಿನಲ್ಲಿ ಇಟ್ಟೆ. ಎರಡು ತಿಂಗಳು ಅದನ್ನು ಎಳೆದು ನೋಡದೆ ಇರುವುದೇ ಕಷ್ಟದ ಕೆಲಸ. ಎಂಟರಲ್ಲಿ ಮೂರು ಬದುಕಿದವು.

ಬದುಕಿದ ಮೂರನ್ನು ನಾನು ಪ್ರೀತಿಯಿಂದ ಹಾಳು ಮಾಡಿದೆ. ಒಳ್ಳೆಯ ಕುಂಡ, ಕೆಂಪು ಮಣ್ಣು, ಹಟ್ಟಿಗೊಬ್ಬರ, ಪುಡಿ ಮಾಡಿದ ಮೊಟ್ಟೆಸಿಪ್ಪೆ, ವಾರಕ್ಕೊಮ್ಮೆ ಒಂದು ಹಿಡಿ ಬೂದಿ. ಊರಿನಲ್ಲಿ ಅಜ್ಜಿ ಬಸಳೆಗೆ, ತೊಂಡೆಗೆ ಬೂದಿ ಹಾಕುತ್ತಿದ್ದರು, ಅಪ್ಪ ಅಡಿಕೆ ತೋಟಕ್ಕೆ ಸುಣ್ಣ ಹಾಕುತ್ತಿದ್ದರು. ಗಿಡಕ್ಕೆ ಉಪಚಾರ ಎಂದರೆ ನನ್ನ ಕೈಗೆ ಗೊತ್ತಿದ್ದದ್ದು ಅಷ್ಟೇ. ಐದಾರು ತಿಂಗಳಿಗೆ ಹೊಸ ಚಿಗುರು ಹಳದಿಯಾಗತೊಡಗಿತು. ಹಳೆಯ ಎಲೆಗಳು ಹಸಿರಾಗಿಯೇ ಇದ್ದವು. ಎಳೆಯ ಎಲೆಯಲ್ಲಿ ಮಾತ್ರ ನರಗಳು ಹಸಿರು, ನರಗಳ ನಡುವೆ ನಿಂಬೆಹಣ್ಣಿನ ಹಳದಿ, ಯಾರೋ ಹಸಿರು ಪೆನ್ನಿನಲ್ಲಿ ನದಿಗಳ ನಕಾಶೆ ಬರೆದ ಹಾಗೆ. ಗೊಬ್ಬರ ಕಡಿಮೆಯಾಯಿತು ಎಂದು ಇನ್ನಷ್ಟು ಹಾಕಿದೆ. ಇನ್ನಷ್ಟು ಹಳದಿಯಾಯಿತು.

ಕಾರಣ ತಿಳಿದದ್ದು ನೀರು ಕಾಯಿಸುವ ಪಾತ್ರೆಯಿಂದ. ನಮ್ಮ ಬಡಾವಣೆಗೆ ಬರುವುದು ಕೊಳವೆಬಾವಿಯ ನೀರು. ಪಾತ್ರೆಯ ತಳದಲ್ಲಿ ಬಿಳಿಯ ಹೆಕ್ಕಳೆ ಕಟ್ಟುತ್ತದೆ, ನಲ್ಲಿಯ ಬಾಯಿಗೆ ಸುಣ್ಣ ಬಳಿದಂತಿರುತ್ತದೆ. ಅದೇ ನೀರನ್ನು ದಿನವೂ ಕುಂಡಕ್ಕೆ ಸುರಿಯುತ್ತಿದ್ದೆ, ಮೇಲಿಂದ ಬೂದಿ, ಮೊಟ್ಟೆಸಿಪ್ಪೆ. ಕೇಪಳ ಹುಟ್ಟಿ ಬೆಳೆದದ್ದು ಮುರಕಲ್ಲಿನ ಹುಳಿ ಮಣ್ಣಿನಲ್ಲಿ. ಕರಾವಳಿಯ ಜೋರು ಮಳೆ ಅಲ್ಲಿಯ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ ಹಿಂದೆ ಬಿಟ್ಟಿರುವುದು ಕಬ್ಬಿಣವನ್ನು. ಅದಕ್ಕೇ ಆ ಕಲ್ಲು ಕೆಂಪು. ಅಪ್ಪ ತೋಟಕ್ಕೆ ಸುಣ್ಣ ಹಾಕುತ್ತಿದ್ದದ್ದೂ ಆ ಹುಳಿಯನ್ನು ತಗ್ಗಿಸಲಿಕ್ಕೇ. ಇಲ್ಲಿ ನನ್ನ ಕುಂಡದ ಮಣ್ಣೂ ಕೆಂಪೇ, ಅದರಲ್ಲೂ ಕಬ್ಬಿಣವಿದೆ. ಆದರೆ ಮಣ್ಣು ಕ್ಷಾರವಾದರೆ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ, ಕರಗದ್ದನ್ನು ಬೇರು ಕುಡಿಯಲಾರದು. ಎದುರಿಗೆ ಎಲೆ ತುಂಬ ಬಡಿಸಿ ಕೈ ಹಿಂದಕ್ಕೆ ಕಟ್ಟಿಹಾಕಿದ ಹಾಗೆ. ನಾನು ಮಾಡುತ್ತಿದ್ದ ಉಪಚಾರವೆಂದರೆ ಪ್ರತಿ ವಾರ ಆ ಗಂಟನ್ನು ಇನ್ನಷ್ಟು ಬಿಗಿಯುವುದಾಗಿತ್ತು.

ಇದಕ್ಕೆ ಮದ್ದು ನೀರಿನಲ್ಲಿ ಕರಗುವ ಕಬ್ಬಿಣದ ಲವಣ, ಫೆರಸ್ ಸಲ್ಫೇಟ್. ನಮ್ಮಲ್ಲಿ ಅದಕ್ಕೆ ಅನ್ನಭೇದಿ ಎಂಬ ಹಳೆಯ ಹೆಸರಿದೆ. ಗೊಬ್ಬರದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಲೀಟರ್ ನೀರಿಗೆ ಎರಡು ಮೂರು ಗ್ರಾಂ, ಜೊತೆಗೆ ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ. ಎರಡು ವಾರದಲ್ಲಿ ಎಲೆ ಹಸಿರಿಗೆ ತಿರುಗಿತು. ತಾರಸಿಯ ಬಿಳಿ ಟೈಲ್ಸ್ ಮಾತ್ರ ತುಕ್ಕಿನ ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿಯಿತು. ಮನೆಯ ಮಾಲೀಕರು ಅದನ್ನು ಇನ್ನೂ ನೋಡಿಲ್ಲ. ಆದರೆ ಸಿಂಪಡಣೆ ತಾತ್ಕಾಲಿಕ, ಮಣ್ಣನ್ನು ಬದಲಿಸದೆ ಅದು ನಿಲ್ಲುವುದಿಲ್ಲ. ಹಾಗಾಗಿ ಗಿಡಗಳನ್ನು ಹೊಸ ಮಿಶ್ರಣಕ್ಕೆ ಹಾಕಿದೆ: ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಊರಿನಿಂದ ತಂದ ಮುರಕಲ್ಲಿನ ಚೂರು ಮತ್ತು ದಪ್ಪ ಮರಳು, ಎರಡು ಪಾಲು ಕೊಳೆತ ತರಗೆಲೆ. ಮುರಕಲ್ಲು ಸಿಗದಿದ್ದವರು ಮರಳನ್ನೇ ಹೆಚ್ಚಿಸಬಹುದು, ನೀರು ನಿಲ್ಲದಿದ್ದರಾಯಿತು. ಬೂದಿ, ಸುಣ್ಣ, ಮೊಟ್ಟೆಸಿಪ್ಪೆ ಬೇಡ. ಹೊಸದಾಗಿ ಕಟ್ಟಿದ ಸಿಮೆಂಟು ಗೋಡೆಯ ಬುಡದಲ್ಲಿ ನೆಡುವುದೂ ಬೇಡ, ಗಾರೆಯ ಸುಣ್ಣ ಮಣ್ಣಿಗೆ ಇಳಿಯುತ್ತಲೇ ಇರುತ್ತದೆ. ಬುಡದ ಮೇಲೆ ತರಗೆಲೆ ಸದಾ ಹೊದ್ದಿರಲಿ. 200 ಲೀಟರಿನ ನೀಲಿ ಡ್ರಮ್ಮಿನಲ್ಲಿ ಮಳೆನೀರು ಹಿಡಿದಿಟ್ಟು ಅದನ್ನು ಈ ಮೂರು ಕುಂಡಗಳಿಗಷ್ಟೇ ಮೀಸಲಿಟ್ಟಿದ್ದೇನೆ. ಕರಿಬೇವಿಗೂ ಕೊಡುವುದಿಲ್ಲ. ಬಿಸಿಲು ಕನಿಷ್ಠ ಐದಾರು ಗಂಟೆ ಬೇಕು. ನೆರಳಿನಲ್ಲೂ ಕೇಪಳ ಬದುಕುತ್ತದೆ, ಆದರೆ ಎಲೆ ಬೆಳೆಸಿಕೊಂಡು ಸುಮ್ಮನಿರುತ್ತದೆ.

ಬೀಜದಿಂದಲೂ ಬರುತ್ತದೆ, ತಾಳ್ಮೆ ಇದ್ದರೆ. ಕಪ್ಪಾದ ಹಣ್ಣಿನ ತಿರುಳು ತೊಳೆದರೆ ಸಾಮಾನ್ಯವಾಗಿ ಎರಡು ಬೀಜ ಸಿಗುತ್ತವೆ. ಒಂದು ಬದಿ ಉಬ್ಬು, ಇನ್ನೊಂದು ಬದಿ ಒಳಗೆ ತಗ್ಗು, ಪುಟ್ಟ ಬೋಗುಣಿಯ ಹಾಗೆ. ಒಣಗಿಸಿ ಡಬ್ಬಿಯಲ್ಲಿಡದೆ ಆಗಲೇ ಬಿತ್ತಬೇಕು. ಮೊಳಕೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಾನು ಬಿತ್ತಿದ ಇಪ್ಪತ್ತರಲ್ಲಿ ಏಳು ಹುಟ್ಟಿದವು, ಮೊದಲ ಹೂ ಬಂದದ್ದು ಮೂರನೆಯ ವರ್ಷ. ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಬಂದರೆ ನೀರಿನ ಪೈಪು ಹಿಡಿದು ಜೋರಾಗಿ ತೊಳೆದು, ಬೇವಿನೆಣ್ಣೆ ಸಿಂಪಡಿಸಿದರೆ ಸಾಕು. ಇರುವೆಗಳ ಸಾಲು ಗಿಡ ಹತ್ತುವುದನ್ನು ಕಂಡರೆ ತಿಗಣೆ ಬಂದಿದೆ ಎಂದೇ ಲೆಕ್ಕ.

ಹೂ ಬಿಟ್ಟ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಗೊಂಚಲಿನ ಎದುರು ಕುಳಿತೆ. ಬಾಲ್ಯದಲ್ಲಿ ಸಾವಿರ ಹೂ ಕಿತ್ತಿದ್ದರೂ ಅರಳುವುದನ್ನು ನೋಡಿರಲಿಲ್ಲ. ಮೊಗ್ಗು ಬೆಂಕಿಕಡ್ಡಿಯ ತಲೆಯಂತೆ ಉಬ್ಬಿರುತ್ತದೆ. ಅದರೊಳಗೇ, ಅರಳುವ ಮೊದಲೇ, ನಾಲ್ಕು ಕೇಸರಗಳು ತಮ್ಮ ಪರಾಗವನ್ನೆಲ್ಲ ನಡುವಿನ ಎಳೆಯ ತಲೆಗೆ ಬಳಿದುಬಿಡುತ್ತವೆ. ಎಸಳು ಬಿಚ್ಚಿದಾಗ ಕೇಸರಗಳು ಎಸಳುಗಳ ನಡುವಿನ ಸಂದಿಗೆ ಬಾಗಿ ಬದಿಗೆ ಸರಿಯುತ್ತವೆ, ಪರಾಗ ಹೊತ್ತ ಎಳೆ ಒಂಟಿಯಾಗಿ ನೆಟ್ಟಗೆ ನಿಲ್ಲುತ್ತದೆ. ಚಿಟ್ಟೆ ಬಂದು ಕೊಳವೆಗೆ ಸೊಂಡಿಲು ಇಳಿಸಿದಾಗ ಪರಾಗ ಅದಕ್ಕೆ ಅಂಟುತ್ತದೆ. ಆಮೇಲೆ ಅದೇ ಎಳೆಯ ತುದಿ ಹಾವಿನ ನಾಲಿಗೆಯಂತೆ ಎರಡಾಗಿ ಸೀಳಿ ಬೇರೆ ಹೂವಿನ ಪರಾಗಕ್ಕೆ ಬಾಯಿ ತೆರೆಯುತ್ತದೆ. ಮೊದಲು ಕೊಡುವ ಕೆಲಸ, ನಂತರ ಪಡೆಯುವುದು, ಎರಡಕ್ಕೂ ಒಂದೇ ಎಳೆ. ಹನಿ ಜೇನಿಗಾಗಿ ನಾವು ಹಿಂದಿನಿಂದ ಎಳೆದು ಬಿಸಾಡುತ್ತಿದ್ದದ್ದು ಇದನ್ನೇ. ಆ ಕೊಳವೆಯ ಉದ್ದಕ್ಕೆ ಜೇನುನೊಣದ ನಾಲಿಗೆ ಸಾಲದು, ಅದು ಉದ್ದ ಸೊಂಡಿಲಿನವರ ಹೂ. ಊರಿನಲ್ಲಿ ಕರ್ನಾಟಕದ ರಾಜ್ಯ ಚಿಟ್ಟೆಯಾದ, ಅಂಗೈಯಗಲದ ಕಪ್ಪು-ಹಳದಿ ಸದರ್ನ್ ಬರ್ಡ್‌ವಿಂಗ್ ಕೇಪಳಕ್ಕೆ ಬರುತ್ತದೆ. ನನ್ನ ತಾರಸಿಗೆ ಅಷ್ಟು ದೊಡ್ಡ ಅತಿಥಿಗಳಿಲ್ಲ. ಒಂದು ಸೂರಕ್ಕಿ ಬರುತ್ತದೆ, ಗೊಂಚಲಿಗಿಂತ ಹೆಚ್ಚು ಹೊತ್ತು ನನ್ನನ್ನೇ ನೋಡಿ ಹೋಗುತ್ತದೆ.

ಕತ್ತರಿಸುವುದರ ಬಗ್ಗೆ ಹೇಳಬೇಕು, ಏಕೆಂದರೆ ನನ್ನ ತಲೆಯಲ್ಲಿದ್ದ ಒಂದು ಕಥೆ ಅಲ್ಲಿಯೇ ಮುರಿಯಿತು. ಕೇಪಳದ ಹೂ ಬರುವುದು ಹೊಸ ಕೊಂಬೆಯ ತುದಿಯಲ್ಲಿ. ಬೇಲಿಯಂತೆ ಸದಾ ಕತ್ತರಿ ಆಡಿಸಿ ಗುಂಡು ಮಾಡಿದರೆ ಮೊಗ್ಗನ್ನೇ ಕತ್ತರಿಸಿದಂತೆ. ಹೂ, ಹಣ್ಣು ಮುಗಿದ ಮೇಲೆ, ಮಳೆಯ ಮುಂಚೆ, ಒಮ್ಮೆ ಚೆನ್ನಾಗಿ ಕತ್ತರಿಸಬೇಕು. ಒಂದು ಕೊಂಬೆ ಕಡಿದಲ್ಲಿ ಎರಡು ಚಿಗುರುತ್ತವೆ, ಮುಂದಿನ ವರ್ಷಕ್ಕೆ ಎರಡು ಗೊಂಚಲು. ಇದನ್ನು ಅಮ್ಮನಿಗೆ ದೊಡ್ಡ ಸಂಶೋಧನೆಯಂತೆ ಹೇಳಿದೆ. "ಸೊಪ್ಪು ಕಡಿಯುತ್ತಿದ್ದೆವಲ್ಲ" ಎಂದರು ಅವರು, ಅಷ್ಟೇ.

ಹೌದಲ್ಲ. ದಕ್ಷಿಣ ಕನ್ನಡದಲ್ಲಿ ಕುಮ್ಕಿ ಎಂಬ ಹಕ್ಕಿದೆ: ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಸ್ವಂತ ಜಮೀನಿನ, ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಕೃಷಿಗೆ ಬೇಕಾದ ಸೊಪ್ಪು, ಕಟ್ಟಿಗೆ ತರಬಹುದು. ನಮ್ಮ ಗುಡ್ಡೆ ಅಂಥದ್ದು. ಹಟ್ಟಿಗೆ ಹಾಕಲು ಪ್ರತಿ ವರ್ಷ ಅಲ್ಲಿಂದ ಸೊಪ್ಪು ಬರುತ್ತಿತ್ತು. ಕಡಿಯುವ ಕತ್ತಿ ಮರಗಳನ್ನು ಮೇಲೇಳಲು ಬಿಡುತ್ತಿರಲಿಲ್ಲ. ಮೇಯುವ ದನಗಳು ಹುಲ್ಲನ್ನು ಹದ್ದುಬಸ್ತಿನಲ್ಲಿಡುತ್ತಿದ್ದವು, ಕೇಪಳಕ್ಕೆ ಬಿಸಿಲು ಬೀಳುತ್ತಿತ್ತು. ಯಾರೂ ನೋಡಿಕೊಳ್ಳದೆ ಬೆಳೆದ ಗಿಡ ಎಂದು ಮೇಲೆ ಬರೆದೆನಲ್ಲ, ಅದು ನಿಜವಲ್ಲ. ನೀರು ಹಾಕಲಿಲ್ಲ ನಿಜ. ಆದರೆ ಹತ್ತಾರು ತಲೆಮಾರು ಅದನ್ನು ಕಾಲಕಾಲಕ್ಕೆ ಕತ್ತರಿಸಿದ್ದವು, ಹೂವಿಗಾಗಿ ಅಲ್ಲದಿದ್ದರೂ. ಈಗ ಹಟ್ಟಿಯಲ್ಲಿ ದನಗಳಿಲ್ಲ, ಸೊಪ್ಪು ಯಾರಿಗೂ ಬೇಡ. ಗುಡ್ಡೆಯ ಒಂದು ಮಗ್ಗುಲು ಕಮ್ಯುನಿಸ್ಟ್ ಗಿಡ ಎಂಬ ಕಳೆಯಿಂದ ಮುಚ್ಚಿಹೋಗಿದೆ, ಅದರ ಅಡಿಯಲ್ಲಿ ಕೇಪಳ ನೆರಳು ತಿನ್ನುತ್ತಾ ಹೂವಿಲ್ಲದೆ ನಿಂತಿದೆ. ಇನ್ನೊಂದು ಮಗ್ಗುಲಲ್ಲಿ ರಬ್ಬರ್. ಅದರಾಚೆ ಕಲ್ಲಿನ ಕೋರೆ.

ಈಸ್ಟ್ ಇಂಡಿಯಾ ಕಂಪನಿಗಾಗಿ ಸಮೀಕ್ಷೆ ಮಾಡುತ್ತಾ ಬಂದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡ ಈ ಮುರಕಲ್ಲನ್ನು, ಇಟ್ಟಿಗೆಯಂತೆ ಕತ್ತರಿಸಲು ಬರುತ್ತದೆ ಎಂಬ ಕಾರಣಕ್ಕೆ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ಲ್ಯಾಟರೈಟ್ ಎಂದು ಕರೆದ. ಕೋರೆಯಲ್ಲಿ ಈಗ ಯಂತ್ರದ ಗರಗಸ ಅದನ್ನು ಬೆಣ್ಣೆಯಂತೆ ಕೊಯ್ಯುತ್ತದೆ. ಕೊಯ್ಯುವ ಮೊದಲು ಮೇಲಿನ ಮಣ್ಣನ್ನು, ಅದರಲ್ಲಿರುವ ಕೇಪಳವನ್ನು, ಜೆಸಿಬಿಯಿಂದ ಒಮ್ಮೆ ಸವರಿಬಿಡುತ್ತಾರೆ. ನಮ್ಮ ಮನೆಯ ಗೋಡೆಯೂ ಮುರಕಲ್ಲಿನದೇ ಆದ್ದರಿಂದ ಇದರ ಬಗ್ಗೆ ಹೆಚ್ಚು ಜೋರಾಗಿ ಮಾತನಾಡುವ ಹಕ್ಕು ನನಗಿಲ್ಲ. ಹಿಂದೆ ಊರಿನ ನೇಮದ, ಅಂದರೆ ದೈವದ ಉತ್ಸವದ, ಹಿಂದಿನ ದಿನ ಮಕ್ಕಳೆಲ್ಲ ಬುಟ್ಟಿ ಹಿಡಿದು ಗುಡ್ಡೆ ಹತ್ತುತ್ತಿದ್ದೆವು. ದೈವದ ಅಲಂಕಾರಕ್ಕೆ ಕೇಪಳವಿಲ್ಲದೆ ಆಗುವುದಿಲ್ಲ. ಗೊಂಚಲುಗಳನ್ನು ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮಾಲೆ, ದೊಂದಿಯ ಬೆಳಕಿನಲ್ಲಿ ಕುಣಿಯುವಾಗ, ದೂರಕ್ಕೆ ಹೂ ಎಂದು ಗೊತ್ತಾಗುತ್ತಿರಲಿಲ್ಲ, ಕೆಂಡದಂತೆ ಕಾಣುತ್ತಿತ್ತು. ಕಳೆದ ಸಲ ಅಂಗಡಿಯಿಂದ ಹೂ ತರಿಸಿದರು. ಎಸಳಿನ ತುದಿ ನೋಡಬಾರದೆಂದುಕೊಂಡಿದ್ದೆ, ನೋಡಿದೆ.

ದಕ್ಷಿಣ ಅಮೆರಿಕದ ಸುರಿನಾಮ್ ಎಂಬ ದೇಶಕ್ಕೆ ಕೇಪಳವೇ ರಾಷ್ಟ್ರೀಯ ಹೂ, ಅಲ್ಲಿ ಅದನ್ನು ಫಾಯಾ ಲೋಬಿ, ಬೆಂಕಿಯಂಥ ಪ್ರೀತಿ, ಎನ್ನುತ್ತಾರೆ ಎಂದು ಅಮ್ಮನಿಗೆ ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ಅಲ್ಲಿ ಇದರ ತಂಬುಳಿ ಮಾಡುತ್ತಾರೋ?" ಎಂದು ಕೇಳಿದರು.

ಹೋದ ಬೇಸಿಗೆಯಲ್ಲಿ ತಾರಸಿಯ ಗಿಡಗಳಲ್ಲಿ ಹಣ್ಣು ಕಪ್ಪಾಯಿತು. ಬೀಜಕ್ಕೆಂದು ನಾಲ್ಕು ಹಣ್ಣಿನ ಮೇಲೆ ಕಣ್ಣಿಟ್ಟಿದ್ದೆ, ಪಿಕಳಾರಗಳೂ ಇಟ್ಟಿದ್ದವು, ಗೆದ್ದದ್ದು ಅವೇ. ಈ ತಿಂಗಳು ಕರಿಬೇವಿನ ಕುಂಡದ ಮೂಲೆಯಲ್ಲಿ, ಕೊಳವೆಬಾವಿಯ ನೀರು ಕುಡಿದು ಬಿಳಿಗಟ್ಟಿದ ಮಣ್ಣಿನಲ್ಲಿ, ಬೆರಳುದ್ದದ ಸಸಿಯೊಂದು ಎದ್ದಿದೆ. ಎರಡು ಜೊತೆ ಎಲೆ, ಎದುರುಬದುರು, ತೊಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಡ್ರಮ್ಮಿನಲ್ಲಿ ಮಳೆನೀರು ಇನ್ನೂ ಅರ್ಧದಷ್ಟಿದೆ. ಅದಕ್ಕೆ ಮಾತ್ರ ನಾನು ನೀರು ಹಾಕಲು ಹೋಗಿಲ್ಲ.